‘ಗಟ್ಟಿ ಹುಡುಗ’ ಅಂದರೆ

ಡ್ಯಾರಿಲ್ ಹೆಪ್‌ವರ್ತ್ ವಾರದಲ್ಲಿ ಐದು ದಿನ ಬಾರ್ನ್ಸ್ಲಿ ನಗರಸಭೆಯ ಕಸದ ಲಾರಿ ಓಡಿಸುತ್ತಿದ್ದ, ಆರನೆಯ ದಿನ ಸೋಲುತ್ತಿದ್ದ. ತಮಾಷೆಗೆ ಹೇಳುತ್ತಿಲ್ಲ, ಅದು ಅವನ ಕಸುಬು. ಮೂವತ್ತೆಂಟು ತುಂಬುವ ಹೊತ್ತಿಗೆ ನೂರ ಎಪ್ಪತ್ತೊಂದು ಬಾಕ್ಸಿಂಗ್ ಪಂದ್ಯ ಮುಗಿಸಿದ್ದ. ಅದರಲ್ಲಿ ಒಂಬತ್ತು ಗೆಲುವು, ನಾಲ್ಕು ಸಮ, ಮಿಕ್ಕಿದ್ದೆಲ್ಲ ಸೋಲು.

ದೇಶದ ಉತ್ತರ ಭಾಗದ ಪ್ರತಿ ಊರಲ್ಲೂ ಮೇಲೆ ಬರುತ್ತಿರುವ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಅವನ ಚಿಕ್ಕಪ್ಪಂದಿರು, ಶಾಲೆಯ ಗೆಳೆಯರು, ಗೆಳತಿಯ ಕಡೆಯವರು ಎಲ್ಲ ಟಿಕೆಟ್ ಕೊಂಡು ಸಭಾಂಗಣ ತುಂಬಿಸುತ್ತಾರೆ. ಹುಡುಗ ಯಾರನ್ನಾದರೂ ಹೊಡೆಯಬೇಕಲ್ಲ? ಮಂಗಳವಾರ ಡ್ಯಾರಿಲ್‌ಗೆ ಫೋನು ಬರುತ್ತಿತ್ತು. ಅವನು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಸೋಲು ಅಂತ ಅವನಿಗೆ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಣ್ಣ ಪಂದ್ಯಗಳಲ್ಲಿ ಅಂಕ ಕೊಡುವವನು ರೆಫರಿ ಒಬ್ಬನೇ. ಎಂಟುನೂರು ಜನ ಒಬ್ಬನ ಹೆಸರು ಕೂಗುತ್ತಿರುವಾಗ ಪರವೂರಿನವನ ಕೈ ಎತ್ತಲು ರೆಫರಿಗೂ ಗುಂಡಿಗೆ ಬೇಕು. ಅಪ್ಪಿತಪ್ಪಿ ಎತ್ತಿದನೋ, ಮುಂದಿನ ಮಂಗಳವಾರ ಡ್ಯಾರಿಲ್‌ಗೆ ಫೋನು ಬರುವುದಿಲ್ಲ. ಹಾಗಾಗಿ ಅವನು ಏಟುಗಳನ್ನು ಮೊಣಕೈಗೆ, ಹೆಗಲಿಗೆ, ನೆತ್ತಿಗೆ ತೆಗೆದುಕೊಂಡು, ಹುಡುಗ ಚೆನ್ನಾಗಿ ಕಾಣುವ ಹಾಗೆ ನೋಡಿಕೊಂಡು, ಭಾನುವಾರ ಮಧ್ಯಾಹ್ನ ಮನೆಗೆ ಬಂದು ಹೆಂಡತಿ ಮಾಡಿದ ಮಾಂಸದ ರೋಸ್ಟ್ ತಿನ್ನುತ್ತಿದ್ದ. ಅವನಿಗಿದ್ದ ನಿಯಮ ಒಂದೇ, ನೆಲಕ್ಕೆ ಬೀಳಬಾರದು. ಪಂದ್ಯ ಅರ್ಧಕ್ಕೆ ನಿಲ್ಲಿಸಬೇಕಾದ ಸ್ಥಿತಿ ಬಂದರೆ ಇಪ್ಪತ್ತೆಂಟು ದಿನ ರಿಂಗಿಗೆ ಇಳಿಯುವಂತಿಲ್ಲ ಎಂಬ ಕಾನೂನಿದೆ. ಅವನಿಗೆ ಜೀವಮಾನದಲ್ಲಿ ಹಾಗಾದದ್ದು ನಾಲ್ಕೇ ಸಲ. ಆ ನಾಲ್ಕು ತಾರೀಖುಗಳನ್ನು ಕೇಳಿದರೆ ತಟ್ಟನೆ ಹೇಳುತ್ತಿದ್ದ, ಮದುವೆಯ ತಾರೀಖಿಗೆ ಮಾತ್ರ ತಡಕಾಡುತ್ತಿದ್ದ.

ಹೀಗಾಗಿ ಯಾವ ಹುಡುಗನ ಹೆಸರು ದೊಡ್ಡದು, ಯಾವನ ಕೈ ದೊಡ್ಡದು ಎನ್ನುವುದು ಡ್ಯಾರಿಲ್‌ನ ಪಕ್ಕೆಲುಬಿಗೆ ಗೊತ್ತಿದ್ದಷ್ಟು ಯಾವ ಪತ್ರಿಕೆಯವನಿಗೂ ಗೊತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಹುಡುಗನ ಕಡೆಯವರು ಬಟ್ಟೆ ಬದಲಿಸುವ ಕೋಣೆಗೆ ಬಂದು ಹೇಗಿದಾನೆ ನಮ್ಮವನು ಅಂತ ಕೇಳುವುದು ವಾಡಿಕೆ. ಅದಕ್ಕೆ ಉತ್ತರ ಕೊಡುವುದರಲ್ಲೂ ಒಂದು ವಾಡಿಕೆ ಇದೆ. ಹುಡುಗನನ್ನು ಎಂದೂ ತೆಗಳಬಾರದು. ‘ಗಟ್ಟಿ ಹುಡುಗ’ ಅಂದರೆ ಬರೀ ಮೈಬಲ, ತಲೆಯಲ್ಲಿ ಏನೂ ಇಲ್ಲ ಎಂದರ್ಥ. ‘ತುಂಬಾ ಗಟ್ಟಿ ಹುಡುಗ’ ಅಂದರೆ ದೇವರೇ ಕಾಪಾಡಬೇಕು. ನಮ್ಮ ಕಡೆಯ ಜನಕ್ಕೆ ಇನ್ನೊಬ್ಬರನ್ನು ಹೊಗಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ, ಆದ್ದರಿಂದ ನಿಜವಾಗಿ ಕೈಯಿದ್ದವನ ಬಗ್ಗೆ ‘ಅವನು ಸ್ವಲ್ಪ ಗುದ್ದಾಡ್ತಾನೆ’ ಎಂದು ನೆಲ ನೋಡಿಕೊಂಡು ಹೇಳುತ್ತಾರೆ. ಅದಕ್ಕಿಂತ ದೊಡ್ಡ ಬಿರುದು ಈ ಕಸುಬಿನಲ್ಲಿ ಇಲ್ಲ. ಡ್ಯಾರಿಲ್ ಹದಿನಾರು ವರ್ಷದಲ್ಲಿ ಆ ಮಾತನ್ನು ಐದು ಜನರ ಬಗ್ಗೆ ಮಾತ್ರ ಹೇಳಿದ್ದ. ಕೇಳುತ್ತಿದ್ದವರು ಹೆಚ್ಚಾಗಿ ಕಸುಬಿನವರು, ಅವರಿಗೆ ಅರ್ಥವಾಗುತ್ತಿತ್ತು.

ಸ್ಟುವರ್ಟ್ ಲಂಬ್ ಕಸುಬಿನವನಲ್ಲ. ಅಡುಗೆಮನೆ ಕಪಾಟುಗಳ ದೊಡ್ಡ ಅಂಗಡಿ ಇಟ್ಟವನು. ಎರಡು ವರ್ಷದ ಹಿಂದೆ ಅವನಿಗೆ ಬಾಕ್ಸಿಂಗಿನ ಹುಚ್ಚು ಹತ್ತಿ, ಊರಿನ ಜೋಯೆಲ್ ಮ್ಯಾಲಿಂಡರ್ ಎಂಬ ಇಪ್ಪತ್ತೆರಡರ ಹುಡುಗನಿಗೆ ಮ್ಯಾನೇಜರ್ ಆದ. ಜೋಯೆಲ್ ಮನೆಗಳಿಗೆ ಹೆಂಚು ಹೊದಿಸುವ ಕೆಲಸದವನು, ನೋಡಲು ಸಿನಿಮಾದವನ ಹಾಗಿದ್ದ. ಹನ್ನೊಂದು ಪಂದ್ಯ, ಹನ್ನೊಂದೂ ಗೆಲುವು. ಬಸ್ಸುಗಳ ಹಿಂಭಾಗದಲ್ಲಿ ಅವನ ಚಿತ್ರ ಬಂದಿತ್ತು. ಆ ಹನ್ನೊಂದರಲ್ಲಿ ಒಂದು ಡ್ಯಾರಿಲ್ ಜೊತೆ, ಡಾಂಕಾಸ್ಟರಿನಲ್ಲಿ, ಆರು ಸುತ್ತು.

ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ಮಾರುಕಟ್ಟೆ ಪಕ್ಕದ ಡೋರೀನಳ ಕೆಫೆಯಲ್ಲಿ ವಾದ ಜೋರಾಗಿತ್ತು. ಜೋಯೆಲ್ ಹೆಸರಿಗೆ ತಕ್ಕ ಕೈಯುಳ್ಳವನೋ ಅಲ್ಲವೋ ಎನ್ನುವುದು ಅಲ್ಲಿ ವಾರವಾರದ ವಾದ. ಒಂದು ಕಡೆ ಮುದುಕ ವಿಲ್ಫ್. ಗಣಿಯಲ್ಲಿ ಮೂವತ್ತು ವರ್ಷ, ಆಮೇಲೆ ಕ್ಲಬ್ಬಿನ ಮಹಡಿಯ ಮೇಲಿನ ಜಿಮ್ಮಿನಲ್ಲಿ ನಲವತ್ತು ವರ್ಷ ಕಳೆದವನು. ಡ್ಯಾರಿಲ್‌ಗೂ ಅವನೇ ಗುರು, ಲಂಬ್ ಕರೆದೊಯ್ಯುವ ತನಕ ಜೋಯೆಲ್‌ಗೂ ಅವನೇ. ಹುಡುಗನ ಕಾಲು ಹಸಿ ಸಿಮೆಂಟಿನಲ್ಲಿ ನಿಂತ ಹಾಗಿದೆ, ಬಲಗೈ ಬೀಸಿದಾಗ ಎಡಗೈ ಸೊಂಟಕ್ಕೆ ಇಳಿಯುತ್ತದೆ ಎಂದು ಅವನು ಹೇಳುತ್ತಿದ್ದ. ಇನ್ನೊಂದು ಕಡೆ ಲಂಬ್. ಹನ್ನೊಂದು ಜನ ಸುಮ್ಮನೆ ಸೋತರೇ ಎಂಬುದು ಅವನ ಪ್ರಶ್ನೆ. ಜೋಯೆಲ್ ಪಕ್ಕದಲ್ಲೇ ಕೂತು ಹಳದಿ ತೆಗೆದ ಮೊಟ್ಟೆ ತಿನ್ನುತ್ತಾ ನಗುತ್ತಿದ್ದ. ತನ್ನ ವಿಷಯವೇ ಅಲ್ಲವೇನೋ ಎಂಬಂತೆ ಕೂರುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಡ್ಯಾರಿಲ್ ಒಳಗೆ ಬಂದದ್ದೇ ತಪ್ಪಾಯಿತು. ಲಂಬ್ ಅವನ ತೋಳು ಹಿಡಿದು ಎಲ್ಲರ ನಡುವೆ ನಿಲ್ಲಿಸಿ, ಪಂದ್ಯ ಗೊತ್ತಾದ ಸುದ್ದಿ ಹೇಳಿದ. ಪ್ರಾಂತ್ಯದ ಪಟ್ಟಕ್ಕೆ ಹತ್ತು ಸುತ್ತು, ಇದೇ ಊರಿನಲ್ಲಿ, ಇನ್ನು ಮೂರು ವಾರಕ್ಕೆ. ಎದುರಾಳಿ ಓಲ್ಡಮ್ಮಿನ ಏಡನ್ ಕ್ರಾಂಪ್ಟನ್.

ಆ ಹೆಸರು ಡ್ಯಾರಿಲ್‌ಗೆ ಚೆನ್ನಾಗಿ ಗೊತ್ತಿತ್ತು. ಕ್ರಾಂಪ್ಟನ್ ಬಡಕಲು, ನಾಚಿಕೆಯವನು, ಇಪ್ಪತ್ತು ಟಿಕೆಟ್ ಮಾರಲೂ ಬಾರದವನು. ಅವನ ಚಿತ್ರ ಯಾವ ಬಸ್ಸಿನ ಮೇಲೂ ಬಂದಿಲ್ಲ. ಹೋದ ವರ್ಷ ಎರಡನೆಯ ಸುತ್ತಿನಲ್ಲಿ ಅವನ ಎಡಗೈ ಡ್ಯಾರಿಲ್‌ನ ಯಕೃತ್ತಿನ ಮೇಲೆ ಒಂದೇ ಸಲ ಬಿದ್ದಿತ್ತು. ಕಾಲುಗಳು ತನ್ನವಲ್ಲ ಎನ್ನಿಸಿತ್ತು. ಕ್ರಾಂಪ್ಟನ್ ಆಗಲೇ ಮುಗಿಸಬಹುದಿತ್ತು, ಮುಗಿಸಲಿಲ್ಲ. ಅಪ್ಪಿ ಹಿಡಿದುಕೊಂಡು ಕಿವಿಯಲ್ಲಿ, ಸರಿ ಇದೀಯಾ ಅಂತ ಕೇಳಿ, ಉಳಿದ ನಾಲ್ಕು ಸುತ್ತು ಮೆತ್ತಗೆ ಆಡಿದ್ದ.

“ನಿನ್ನ ಮಾತಿನ ಮೇಲೇ ಮಾಡಿದ್ದು ಈ ಪಂದ್ಯಾನ,” ಅಂದ ಲಂಬ್. “ನಮ್ಮವನ ಬಗ್ಗೆ ಏನಂದಿದ್ದೆ ಡಾಂಕಾಸ್ಟರಲ್ಲಿ? ತುಂಬಾ ಗಟ್ಟಿ ಹುಡುಗ ಅಂತ. ಕ್ರಾಂಪ್ಟನ್ ಬಗ್ಗೆ ಕೇಳಿದ್ರೆ, ಸ್ವಲ್ಪ ಗುದ್ದಾಡ್ತಾನೆ ಅಂದೆ. ಸ್ವಲ್ಪ ಗುದ್ದಾಡೋನು ಸಾಕು ನಮಗೆ. ಇಬ್ಬರ ಕೈಯಲ್ಲೂ ತಿಂದೋನು ನೀನೊಬ್ಬನೇ. ಹೇಳು ಈ ಮುದುಕನಿಗೆ.”

ವಿಲ್ಫ್ ನಕ್ಕುಬಿಡಲು ಬಾಯಿ ತೆರೆದವನು ನಗಲಿಲ್ಲ. ಚೊಂಬಿನಷ್ಟು ದೊಡ್ಡ ಅವನ ಚಹಾದ ಮಗ್ಗು ಮೇಜಿನ ಮೇಲೆ ಕೂತಿತು. ಅವನ ಕಣ್ಣು ಡ್ಯಾರಿಲ್ ಮೇಲೆ. ಡೋರೀನಳೂ ಬೇಕನ್ ಮಗುಚುವುದು ಬಿಟ್ಟು ತಿರುಗಿದ್ದಳು. ಜೋಯೆಲ್ ಮೊದಲ ಸಲ ತಟ್ಟೆಯಿಂದ ತಲೆಯೆತ್ತಿ ನೋಡಿದ, ಆ ಮುಖದಲ್ಲಿ ಇದ್ದದ್ದು ಹೊಗಳಿಕೆಗೆ ಕಾಯುವ ಮಗುವಿನ ಆಸೆ.

ಲಂಬ್ ತನ್ನ ಮಾತನ್ನು ತಿರುಗುಮುರುಗಾಗಿ ಅರ್ಥ ಮಾಡಿಕೊಂಡದ್ದು ಡ್ಯಾರಿಲ್‌ಗೆ ಗೊತ್ತಾಯಿತು. ಊರು ತುಂಬ ಜನರೆದುರು ಹುಡುಗನನ್ನು ತೆಗಳಿದರೆ ಈ ಲಂಬ್ ನಾಳೆಯೇ ನಾಲ್ಕು ಕಡೆ ಫೋನು ಮಾಡುತ್ತಾನೆ. ಊರಿನ ಹುಡುಗನನ್ನು ತೆಗಳುವ ಪರವೂರಿನವನನ್ನು ಯಾರು ಕರೆಯುತ್ತಾರೆ? ಹದಿನಾರು ವರ್ಷದ ಅಭ್ಯಾಸ ನಾಲಿಗೆಯ ಮೇಲೆ ಕೂತಿತ್ತು, ಅದು ತಾನೇ ಮಾತಾಡಿತು.

“ಗಟ್ಟಿ ಹುಡುಗ,” ಅಂದ ಡ್ಯಾರಿಲ್.

ಲಂಬ್ ಮೇಜು ಗುದ್ದಿ ಎಲ್ಲರಿಗೂ ಚಹಾ ಹೇಳಿದ. ವಿಲ್ಫ್ ಎದ್ದು ಟೋಪಿ ಹಾಕಿಕೊಂಡು, ಡ್ಯಾರಿಲ್ ಮುಖ ನೋಡದೆ ಹೊರಗೆ ಹೋದ.

ಎರಡು ದಿನ ಡ್ಯಾರಿಲ್ ಕಸದ ಲಾರಿಯಲ್ಲಿ ಊರು ಸುತ್ತಿದ. ಬಸ್ಸಿನ ಹಿಂದೆಲ್ಲ ಜೋಯೆಲ್ ನಗುತ್ತಿದ್ದ. ಎಡಗೈ ಸೊಂಟಕ್ಕೆ ಇಳಿಯುವ ಹುಡುಗನ ಪಕ್ಕೆಗೆ ಕ್ರಾಂಪ್ಟನ್‌ನ ಎಡಗೈ ಎಲ್ಲಿ ಹೊಗುತ್ತದೆ ಎಂಬುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ನೋವಿಗೆ ಹುಡುಗ ಬಗ್ಗುತ್ತಾನೆ, ಬಗ್ಗಿದವನ ಗದ್ದ ಮೇಲಿರುತ್ತದೆ, ಆಮೇಲಿನದು ಗದ್ದಕ್ಕೆ. ಡ್ಯಾರಿಲ್ ಹಾಗೆ ಬಿದ್ದವರನ್ನು ನೋಡಿದ್ದ. ಒಬ್ಬ ಈಗಲೂ ವೇಕ್‌ಫೀಲ್ಡಿನಲ್ಲಿ ತನ್ನ ತಂಗಿಯ ಹೆಸರು ಹುಡುಕಿಕೊಂಡು ಮಾತಾಡುತ್ತಾನೆ. ಪಟ್ಟಕ್ಕೆ ಆಡುವಾಗ ಕ್ರಾಂಪ್ಟನ್ ಮೆತ್ತಗೆ ಆಡುವುದಿಲ್ಲ, ಆಡಬಾರದು ಕೂಡ. ಮಂಗಳವಾರ ಮಧ್ಯಾಹ್ನ ಡ್ಯಾರಿಲ್ ಲಾರಿ ನಿಲ್ಲಿಸಿ ಜೋಯೆಲ್‌ಗೆ ಫೋನು ಮಾಡಿದ. ನನಗೊಂದು ಪಂದ್ಯ ಇದೆ, ಸಂಜೆ ವಿಲ್ಫ್ ಜಿಮ್ಮಿಗೆ ಬಂದು ಮೂರು ಸುತ್ತು ಅಭ್ಯಾಸ ಕೊಡ್ತೀಯಾ ಅಂತ ಕೇಳಿದ. ಲಂಬ್‌ಗೆ ಹೇಳಬೇಡ ಅಂತಲೂ ಅಂದ. ಜೋಯೆಲ್ ನಕ್ಕು, ಮುದುಕರಿಗೆ ಸೇವೆ ಮಾಡಿದರೆ ಪುಣ್ಯ ಬರುತ್ತೆ ಅಂದ.

ಜಿಮ್ಮಿನಲ್ಲಿ ಮೂವರೇ. ವಿಲ್ಫ್ ಗಂಟೆ ಬಾರಿಸಿದ. ಜೋಯೆಲ್ ಡಾಂಕಾಸ್ಟರಿನಲ್ಲಿ ಬಂದ ಹಾಗೆಯೇ ನೇರ ನುಗ್ಗಿ ಬಂದು ಬಲಗೈ ಬೀಸಿದ. ಅಲ್ಲಿ ಡ್ಯಾರಿಲ್ ಇರಲಿಲ್ಲ. ತಿರುಗುವಷ್ಟರಲ್ಲಿ ಮೂಗಿನ ಮೇಲೆ ಎಡಗೈ ತಗುಲಿತು. ಮತ್ತೆ ಬೀಸಿದ, ಮತ್ತೆ ಅದೇ ಎಡಗೈ, ಅದೇ ಮೂಗು. ನೂರ ಎಪ್ಪತ್ತೊಂದು ಪಂದ್ಯಗಳಲ್ಲಿ ಹೊರತೆಗೆಯದ ವಿದ್ಯೆಯನ್ನು ಡ್ಯಾರಿಲ್ ಆ ಸಂಜೆ ಹೊರತೆಗೆದ. ಹುಡುಗನ ಎಡಗೈ ಸೊಂಟಕ್ಕೆ ಇಳಿದಾಗಲೆಲ್ಲ ಪಕ್ಕೆಗೆ ಮೆಲ್ಲಗೆ ತಟ್ಟಿ, ಇಲ್ಲಿ, ಇಲ್ಲಿ ಅಂತ ತೋರಿಸಿದ. ಎರಡನೆಯ ಸುತ್ತಿನ ಕೊನೆಗೆ ಜೋಯೆಲ್ ಸಿಟ್ಟಿನಿಂದ ಬುಸುಗುಡುತ್ತಿದ್ದ. ಮೂರನೆಯದರಲ್ಲಿ ಗಾಳಿಗೆ ಗುದ್ದಿ ಗುದ್ದಿ ತೋಳು ಸೋತು, ಹಗ್ಗ ಹಿಡಿದು ನಿಂತುಬಿಟ್ಟ. ಡ್ಯಾರಿಲ್‌ಗೆ ಏದುಸಿರು ಕೂಡ ಇರಲಿಲ್ಲ. ಒಂದು ಕ್ಷಣ ಅವನಿಗೆ ಒಳಗೊಳಗೇ ಖುಷಿಯಾಯಿತು, ಮರುಕ್ಷಣ ಅದಕ್ಕೆ ನಾಚಿಕೆಯೂ ಆಯಿತು.

“ಡಾಂಕಾಸ್ಟರಲ್ಲಿ ಆರು ಸುತ್ತು ನಿನ್ನನ್ನ ಹಗ್ಗಕ್ಕೆ ಒರಗಿಸಿ ಹೊಡೆದಿದ್ದೆ,” ಅಂದ ಜೋಯೆಲ್.

“ಹೊಡೆದಿದ್ದೆ. ಮೊಣಕೈ ಮೇಲೆ.”

“ಬೇಕು ಅಂತಲೇ ಬಿಟ್ಟೆಯಾ?”

“ಅದು ನನ್ನ ಕೆಲಸ ಕಣೋ.”

ಹುಡುಗ ಹಗ್ಗ ಬಿಟ್ಟು ಅವನತ್ತ ತಿರುಗಿದ. “ಉಳಿದ ಹತ್ತು ಜನ?”

“ಅವರಿಗೂ ಅದೇ ಕೆಲಸ.”

ಏಟಿಗೆ ಕೆಂಪಾಗಿದ್ದ ಅವನ ಮುಖ ಈ ಮಾತಿಗೆ ಬಿಳಿಚಿತು. ಗಟ್ಟಿ ಹುಡುಗ ಅಂದರೆ ಏನು, ಸ್ವಲ್ಪ ಗುದ್ದಾಡ್ತಾನೆ ಅಂದರೆ ಏನು ಎನ್ನುವುದನ್ನು ವಿಲ್ಫ್ ಮೂಲೆಯಲ್ಲಿ ನಿಂತು ಬಿಡಿಸಿ ಹೇಳಿದ. ಡ್ಯಾರಿಲ್ ಪಂದ್ಯ ಬಿಟ್ಟುಬಿಡು ಅಂದ. ಕೈ ಮುರಿದಿದೆ ಅನ್ನು, ಜ್ವರ ಅನ್ನು, ಏನಾದರೂ ಅನ್ನು ಅಂತ ಬೇಡಿಕೊಂಡ. ಜೋಯೆಲ್ ಒಪ್ಪಲಿಲ್ಲ. ಒಂಬೈನೂರು ಟಿಕೆಟ್ ಮಾರಿಯಾಗಿದೆ, ಅದರಲ್ಲಿ ನಲವತ್ತು ಅಜ್ಜಿ ಚರ್ಚಿನಲ್ಲಿ ಮಾರಿದ್ದು, ಈಗ ಓಡಿಹೋದರೆ ಈ ಊರಿನಲ್ಲಿ ಯಾವ ಮನೆಯ ಮಾಡು ಹತ್ತಲಿ ಎಂದು ಕೇಳಿದ. ಆಮೇಲೆ ಗ್ಲೌಸು ಬಿಚ್ಚದೆ ಹಾಗೇ ಕೂತು, ಹದಿನೆಂಟು ದಿನದಲ್ಲಿ ಏನು ಕಲಿಸೋಕಾಗುತ್ತೆ ಅಂದ.

ಗೆಲ್ಲುವುದನ್ನು ಹದಿನೆಂಟು ದಿನದಲ್ಲಿ ಕಲಿಸಲು ಆಗುವುದಿಲ್ಲ. ಡ್ಯಾರಿಲ್‌ಗೆ ಅದು ಬರುತ್ತಲೂ ಇರಲಿಲ್ಲ.

“ಬೀಳದೆ ಇರೋದು,” ಅಂದ.

ಮರುದಿನದಿಂದ ಕಲಿಸಿದ. ಮೊಣಕೈ ಪಕ್ಕೆಗೆ ಅಂಟಿಸಿಡುವುದು. ಏಟು ಬಿದ್ದಾಗ ಹಿಂದೆ ಸರಿಯದೆ ಮುಂದೆ ಒರಗುವುದು. ಎದುರಾಳಿಯ ತೋಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ರೆಫರಿ ಬಿಡಿಸುವ ತನಕ ಉಸಿರು ಹಿಂದಕ್ಕೆ ತಂದುಕೊಳ್ಳುವುದು. ಇವೆಲ್ಲ ಸೋಲುವವರ ವಿದ್ಯೆ, ಬಸ್ಸಿನ ಮೇಲೆ ಚಿತ್ರ ಹಾಕಿಸಿಕೊಂಡವನಿಗೆ ಕಲಿಯಲು ಕಷ್ಟ. ಜೋಯೆಲ್ ಎರಡು ಸಲ ಗ್ಲೌಸು ಎಸೆದು ಹೋದ, ಎರಡು ಸಲವೂ ವಾಪಸು ಬಂದ. ಒಂದು ವಾರಕ್ಕೆ ಲಂಬ್‌ಗೆ ಸುದ್ದಿ ಮುಟ್ಟಿತು. ಅವನು ಜಿಮ್ಮಿನ ಮೆಟ್ಟಿಲ ಮೇಲೆ ನಿಂತು, ಹುಲಿಯಂಥ ಹುಡುಗನಿಗೆ ಸೋತು ಸೋತು ಸವೆದವನೊಬ್ಬ ಹೇಡಿತನ ಕಲಿಸುತ್ತಿದ್ದಾನೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಇವನು ನನ್ನ ಮೂಲೆಯಲ್ಲಿ ಇರದಿದ್ದರೆ ನಾನು ರಿಂಗಿಗೆ ಬರುವುದಿಲ್ಲ ಎಂದು ಜೋಯೆಲ್ ಹಟ ಹಿಡಿದದ್ದರಿಂದ ಲಂಬ್ ಬಾಯಿ ಮುಚ್ಚಿದ, ಫೋನು ಮಾತ್ರ ಕೆಳಗಿಡಲಿಲ್ಲ. ಆ ಮಂಗಳವಾರ ಡ್ಯಾರಿಲ್‌ಗೆ ಕರೆ ಬರಲಿಲ್ಲ. ಮುಂದಿನ ಮಂಗಳವಾರವೂ ಬರಲಿಲ್ಲ.

ಪಂದ್ಯ ಭಾನುವಾರ ಮಧ್ಯಾಹ್ನ. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಂಬ್ ತಂದ ಕೋಚು ಮೂಲೆಯಲ್ಲಿ ಮೇಲೆ ನಿಂತ, ಡ್ಯಾರಿಲ್ ಬಕೆಟ್ಟು ಹಿಡಿದು ಕೆಳಗೆ. ಎದುರು ಮೂಲೆಯಲ್ಲಿ ಕ್ರಾಂಪ್ಟನ್ ಯಾರದೋ ಮದುವೆಗೆ ತಪ್ಪಿ ಬಂದವನ ಹಾಗೆ ಮುದುಡಿಕೊಂಡಿದ್ದ. ಜನ ಅವನನ್ನು ನೋಡಿ ನಕ್ಕರು, ನಿಮ್ಮ ಲ್ಯಾಂಕಶೈರಿನಲ್ಲಿ ಊಟ ಹಾಕಲ್ವಾ ಅಂತ ಒಬ್ಬ ಕೂಗಿದ.

ಎರಡು ಸುತ್ತು ಕಳೆಯುವಷ್ಟರಲ್ಲಿ ನಗು ನಿಂತಿತು. ಕ್ರಾಂಪ್ಟನ್ ಅವಸರಪಡಲಿಲ್ಲ. ಎಡಗೈ ಚಾಚುತ್ತಿದ್ದ, ಕಾಯುತ್ತಿದ್ದ, ಮತ್ತೆ ಚಾಚುತ್ತಿದ್ದ. ಜೋಯೆಲ್ ಮೊಣಕೈ ಅಂಟಿಸಿಕೊಂಡು, ಬಂದದ್ದನ್ನು ಗ್ಲೌಸಿಗೆ ತೆಗೆದುಕೊಂಡು, ಸಮಯ ಸಿಕ್ಕಾಗ ಅಪ್ಪಿ ಹಿಡಿಯುತ್ತಿದ್ದ. ನಾಲ್ಕನೆಯ ಸುತ್ತಿಗೆ ಅವನ ಜನವೇ ಅವನನ್ನು ಬೈಯಲು ಶುರುಮಾಡಿದರು. ಕುಣಿಯೋಕೆ ಬಂದಿದೀಯಾ, ಬಿಡೋ ಅವನನ್ನ, ಹೊಡೆಯೋ ಅಂತ ಕೂಗಿದರು. ಡ್ಯಾರಿಲ್‌ಗೆ ಈ ಬೈಗುಳಗಳೆಲ್ಲ ಬಾಯಿಪಾಠ, ಹುಡುಗನಿಗೆ ಹೊಸದು. ಏಳನೆಯ ಸುತ್ತಿನಲ್ಲಿ ಎಲ್ಲೋ ಒಂದು ಸಂದು ಸಿಕ್ಕಿ ಕ್ರಾಂಪ್ಟನ್‌ನ ಎಡಗೈ ಪಕ್ಕೆಗೆ ಹೊಕ್ಕಿತು. ಜೋಯೆಲ್ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಹೇಗೋ ಜೋತುಬಿದ್ದು ಗಂಟೆಯ ತನಕ ನಿಂತ.

ಸ್ಟೂಲಿನ ಮೇಲೆ ಕೂತಾಗ ಅವನ ಕಣ್ಣಲ್ಲಿ ನೀರಿತ್ತು. ಕೋಚು, ಬೀಸು, ಒಂದೇ ಒಂದು ಬಿದ್ದರೆ ಸಾಕು ಅನ್ನುತ್ತಿದ್ದ. ಲಂಬ್ ಹಿಂದಿನ ಸಾಲಿನಿಂದ ಅದನ್ನೇ ಕೂಗುತ್ತಿದ್ದ. ಜೋಯೆಲ್ ಕೆಳಗೆ ನೋಡಿದ.

“ಬೀಸಲಾ?”

“ಬೀಸಿದ್ರೆ ಮಲಗ್ತೀಯ,” ಅಂದ ಡ್ಯಾರಿಲ್.

ಗಂಟೆಯಾಯಿತು. ಹುಡುಗ ಎದ್ದುಹೋಗಿ ಬೀಸಿದ. ಒಂಬೈನೂರು ಜನರ ಕೂಗು ಒಂದು ಕಡೆ, ಬಕೆಟ್ಟು ಹಿಡಿದವನ ಮಾತು ಒಂದು ಕಡೆ, ಇಪ್ಪತ್ತೆರಡು ವರ್ಷದವನು ಇನ್ನೇನು ಮಾಡಿಯಾನು? ಬಲಗೈ ಗಾಳಿಯಲ್ಲಿ ಹೋಯಿತು, ಎಡಗೈ ಸೊಂಟಕ್ಕೆ ಇಳಿಯಿತು. ಡ್ಯಾರಿಲ್ ಕಣ್ಣು ಮುಚ್ಚಿಕೊಂಡ. ಧಪ್ಪೆಂದು ಕೇಳಿದ ಸದ್ದು ಅವನ ಪಕ್ಕೆಗೆ ಗೊತ್ತಿದ್ದ ಸದ್ದು. ಕಣ್ಣು ಬಿಟ್ಟಾಗ ಜೋಯೆಲ್ ಮಂಡಿಗಳು ಮಡಚಿಕೊಳ್ಳುತ್ತಿದ್ದವು, ಕ್ರಾಂಪ್ಟನ್‌ನ ಬಲಗೈ ಹೊರಟಾಗಿತ್ತು. ಆಗ ಹುಡುಗನ ಮೈ, ತಲೆಯನ್ನು ಕೇಳದೆ, ಮುಂದಕ್ಕೆ ಒರಗಿತು. ಏಟು ಗದ್ದಕ್ಕೆ ಬೀಳುವ ಬದಲು ಕತ್ತಿನ ಹಿಂದೆ ಜಾರಿತು. ಎರಡು ತೋಳುಗಳೂ ಕ್ರಾಂಪ್ಟನ್‌ನ ತೋಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡವು. ರೆಫರಿ ಬಿಡಿಸಿದ, ಮತ್ತೆ ಸಿಕ್ಕಿಸಿಕೊಂಡವು. ಸಭಾಂಗಣವೆಲ್ಲ ಛೀ ಅಂದಿತು. ಡ್ಯಾರಿಲ್ ಬಕೆಟ್ಟಿನ ಅಂಚು ಹಿಡಿದು ಹಿಡಿದು ಅಂಗೈ ಕುಯ್ದುಕೊಂಡಿದ್ದ, ಅದು ಅವನಿಗೆ ಗೊತ್ತಾದದ್ದು ಹತ್ತನೆಯ ಸುತ್ತು ಮುಗಿದ ಮೇಲೆ.

ರೆಫರಿ ಕ್ರಾಂಪ್ಟನ್ ಕೈ ಎತ್ತಿದ. ಹತ್ತು ಸುತ್ತಿನಲ್ಲಿ ಒಂಬತ್ತು ಅವನವು. ಜನ ಬೈದುಕೊಂಡು ಬಾಗಿಲ ಕಡೆ ನಡೆದರು. ಬರೀ ಪೋಸ್ಟರ್ ಹುಡುಗ, ಮೊದಲೇ ಹೇಳಿರಲಿಲ್ಲವಾ ಎಂದು ಮೊದಲೇ ಏನೂ ಹೇಳಿರದವರೆಲ್ಲ ಹೇಳಿಕೊಂಡರು. ಲಂಬ್ ಎಲ್ಲಿ ಹೋದನೋ ಕಾಣಲಿಲ್ಲ.

ಕೋಣೆಯಲ್ಲಿ ಡ್ಯಾರಿಲ್ ಹುಡುಗನ ಎದುರು ಕೂತು ಕೈಪಟ್ಟಿ ಕತ್ತರಿಸತೊಡಗಿದ. ವೈದ್ಯರು ಬಂದು ಕಣ್ಣಿಗೆ ಬೆಳಕು ಬಿಟ್ಟು, ಹೆಸರು, ವಾರ, ಊರು ಕೇಳಿದರು. ಜೋಯೆಲ್ ಮೂರನ್ನೂ ಸರಿಯಾಗಿ ಹೇಳಿದ. ಅವರು ಹೋದ ಮೇಲೆ ಅವನು ಇನ್ನೊಂದು ಕೈಯನ್ನೂ ಕತ್ತರಿಗೆ ಚಾಚಿದ.

“ಒಂದು ಕೇಳ್ತೀನಿ,” ಅಂದ. “ಕಸುಬಿನ ಮಾತಲ್ಲಿ ಹೇಳಬೇಡ. ನಾನು ಇಷ್ಟೇನಾ? ಇಲ್ಲಾ ಕಲಿತರೆ ಆಗುತ್ತಾ?”

ಡ್ಯಾರಿಲ್ ಕತ್ತರಿ ಕೆಳಗಿಟ್ಟ. ಹದಿನಾರು ವರ್ಷದಲ್ಲಿ ನೂರಾರು ಸಲ ಕೇಳಿದ ಪ್ರಶ್ನೆ ಇದು, ಆದರೆ ಕೇಳುತ್ತಿದ್ದವರು ಅಪ್ಪಂದಿರು, ಮ್ಯಾನೇಜರುಗಳು. ಹುಡುಗರು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಲು ಅವನಿಗೆ ತುಂಬ ಮನಸ್ಸಾಯಿತು, ಅಷ್ಟು ಪ್ರೀತಿ ಬಂದಿತ್ತು ಹುಡುಗನ ಮೇಲೆ.

“ಕಾಲು ಬರಲ್ಲ ಮಗಾ ನಿನಗೆ. ಅದು ಕಲಿಯೋದಲ್ಲ,” ಅಂದ. “ಇನ್ನು ಐದಾರು ವರ್ಷ ಕಷ್ಟಪಟ್ಟು ಚೆನ್ನಾಗಿ ಕಲಿತೆ ಅಂದ್ರೆ, ನನ್ನಷ್ಟಾಗ್ತೀಯ.”

ಜೋಯೆಲ್ ಅವನ ಮುಖವನ್ನು, ಒಡೆದು ಒಡೆದು ಚಪ್ಪಟೆಯಾದ ಮೂಗನ್ನು, ಹುಬ್ಬಿನ ಹೊಲಿಗೆಗಳನ್ನು ಒಂದೊಂದಾಗಿ ನೋಡಿದ. ಅವಮಾನ ಮಾಡುವ ನೋಟವಾಗಿರಲಿಲ್ಲ ಅದು, ಲೆಕ್ಕ ಹಾಕುವ ನೋಟ.

“ನನ್ನಿಂದ ಅಷ್ಟು ಸಲ ಸೋಲೋಕಾಗಲ್ಲ, ಡ್ಯಾರಿಲ್.”

“ಆಗಬಾರದು,” ಅಂದ ಡ್ಯಾರಿಲ್.

ಹುಡುಗ ಅಂಗಿ ಹಾಕಿಕೊಂಡು, ಗ್ಲೌಸುಗಳನ್ನು ಬೆಂಚಿನ ಮೇಲೇ ಬಿಟ್ಟು, ಹೊರಗೆ ಕಾಯುತ್ತಿದ್ದ ತಾಯಿಯ ಕಡೆ ನಡೆದ. ಡ್ಯಾರಿಲ್ ಕಿವಿಗೊಟ್ಟು ಕೂತಿದ್ದ. ಓಣಿಯುದ್ದಕ್ಕೂ ಹೆಜ್ಜೆ ಎಲ್ಲೂ ತಡವರಿಸಲಿಲ್ಲ. ಅವನಿಗೆ ಕಣ್ಣು ತುಂಬುವಷ್ಟು ಸಂತೋಷವಾಯಿತು, ಅದರ ಜೊತೆಗೇ ಹೊಟ್ಟೆಯೂ ಉರಿಯಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೀಗೆ ಒಂದು ಕೋಣೆಯಲ್ಲಿ ಕೂತು ಡ್ಯಾರಿಲ್ ಕೂಡ ಇದನ್ನೇ ಕೇಳಿದ್ದ. ಎದುರು ಕೂತಿದ್ದವನು ಒಳ್ಳೆಯವನು, ನೋಯಿಸಲು ಮನಸ್ಸಾಗದೆ ಏನೋ ಒಳ್ಳೆಯ ಮಾತು ಹೇಳಿ ಕಳಿಸಿದ್ದ.